ಮಾಗಿಯ ಚಳಿ, ಮಕ್ಕಳ ಆಟ
ಚಿನ್ನದ ಗಣಿಯ ಶಿಶುವಿಹಾರವೊಂದರಲ್ಲಿ ನಾವು ಕಂಡದ್ದು

ಮಕ್ಕಳ ಮನಸ್ಸು ಹಸಿಯ ಮಣ್ಣಿನಂತೆ ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಹಸಿಯ ಮಣ್ಣಿನ ಮೇಲೆ ಯಾರ ಹೆಜ್ಜೆ ಬಿದ್ದರೂ ಗುರುತು ಉಳಿಯುತ್ತದೆ. ಅದು ನಮ್ಮವರದೋ ಅನ್ಯರದೋ ಎಂದು ಮಣ್ಣು ಕೇಳುವುದಿಲ್ಲ. ಆದ್ದರಿಂದಲೇ ಮೂರು ವರ್ಷದ ಕೂಸನ್ನು ಮೊದಲ ಬಾರಿಗೆ ಶಾಲೆಯ ಬಾಗಿಲಲ್ಲಿ ಬಿಟ್ಟು ಬರುವ ತಾಯಂದಿರ, ಅಜ್ಜಿಯರ ಎದೆಯಲ್ಲಿ ಅಳುಕೊಂದು ಮೂಡುವುದು ಸಹಜ. ಆ ಶಾಲೆ ಅನ್ಯಧರ್ಮೀಯರದಾದರೆ ಅಳುಕು ಇಮ್ಮಡಿಯಾಗುತ್ತದೆ.

2024ರ ಡಿಸೆಂಬರ್ ತಿಂಗಳು, ಮಾರ್ಗಶಿರ ಮಾಸದ ಒಂದು ಸೋಮವಾರ ಬಂಗಾರಪೇಟೆಯ ಭಕ್ತರೊಬ್ಬರ ಮನೆಗೆ ಶಿವಪೂಜೆ, ಪ್ರಸಾದಕ್ಕೆಂದು ಹೋಗಿದ್ದೆವು. ಮಗ, ಸೊಸೆ ಇಬ್ಬರೂ ನಸುಕಿನಲ್ಲೇ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವವರು. ನಾಲ್ಕು ವರ್ಷದ ಮೊಮ್ಮಗ ಅಜ್ಜಿಯ ಮಡಿಲಲ್ಲಿ ಬೆಳೆಯುತ್ತಿದ್ದಾನೆ. ಚಿನ್ನದ ಗಣಿ ಪ್ರದೇಶದ ಕ್ರೈಸ್ತ ಸಂಸ್ಥೆಯೊಂದರ ಶಿಶುವಿಹಾರಕ್ಕೆ ವ್ಯಾನಿನಲ್ಲಿ ಹೋಗಿ ಬರುತ್ತಾನೆ. ಪ್ರಸಾದ ಮುಗಿದ ಮೇಲೆ ಆ ಹಿರಿಯ ತಾಯಿ ನೀಲಿ ಕಾಗದವೊಂದನ್ನು ನಮ್ಮ ಮುಂದೆ ಇಟ್ಟರು. ಅದರ ಮೇಲೆ ಹತ್ತಿಯ ಉಂಡೆಗಳನ್ನು ಅಂಟಿಸಿ ಮಾಡಿದ ಬೊಂಬೆ.

‘ಅಯ್ಯನವರೇ, ಇದು ಹಿಮದ ಮನುಷ್ಯನಂತೆ. ಚಳಿಗಾಲ ಎಂದರೆ ಹಿಮ ಬೀಳುವ ಕಾಲ ಎಂದು ಹುಡುಗ ನನಗೇ ಪಾಠ ಹೇಳುತ್ತಾನೆ. ಬಂಗಾರಪೇಟೆಯಲ್ಲಿ ಹಿಮ ಬಿದ್ದದ್ದನ್ನು ನಾನಂತೂ ಕಾಣೆ. ಇಂದು ಹಿಮ ಎಂದವನು ನಾಳೆ ಏನೆನ್ನುತ್ತಾನೋ? ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮಗುವನ್ನು ಅಲ್ಲಿಗೆ ಕಳಿಸುವುದು ಸರಿಯೇ?’

ಆ ಪ್ರಶ್ನೆಗೆ ಕುಳಿತಲ್ಲಿಂದಲೇ ಉತ್ತರ ಕೊಡುವುದು ನ್ಯಾಯವಲ್ಲವೆನಿಸಿತು. ಶಾಲೆಯ ಮುಖ್ಯಸ್ಥರ ಅನುಮತಿ ಪಡೆದು, ಮರುದಿನ ಬೆಳಗ್ಗೆ ಆ ತಾಯಿಯನ್ನೂ ಜೊತೆಗೆ ಕರೆದುಕೊಂಡು ಹೊರಟೆವು.

ಹಿಮದ ಚಿತ್ರ ಬಂದ ದಾರಿ

ಹತ್ತಿಯ ಹಿಮ ಈ ನೆಲಕ್ಕೆ ಬಂದದ್ದು ನಿನ್ನೆ ಮೊನ್ನೆಯಲ್ಲ. ಜಾನ್ ಟೇಲರ್ ಕಂಪನಿಯವರು 1880ರಲ್ಲಿ ಇಲ್ಲಿ ಗಣಿಯ ಕೆಲಸ ಕೈಗೊಂಡ ಮೇಲೆ ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಗಣಿಗಾರರು ಬಂದು ನೆಲೆಸಿದರು. ಮೈಸೂರಿನ ಕಮಿಷನರಾಗಿದ್ದ ಬೌರಿಂಗರ ಹೆಸರಿನ ಬೌರಿಂಗ್‌ಪೇಟೆಯೇ ಇಂದಿನ ಬಂಗಾರಪೇಟೆ. ಅಲ್ಲಿಂದ ಗಣಿಗೆ 1894ರಲ್ಲಿ ರೈಲು ಬಂದಿತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಬಂದಿತು. ಸಮುದ್ರಮಟ್ಟದಿಂದ ಎಂಟುನೂರು ಮೀಟರಿಗೂ ಮೇಲಿರುವ ಈ ಊರಿನ ತಂಪು ಹವೆ, ಬಂಗಲೆ, ಇಗರ್ಜಿಗಳನ್ನು ಕಂಡು ಜನ ಇದನ್ನು ‘ಲಿಟ್ಲ್ ಇಂಗ್ಲೆಂಡ್’ ಎಂದರು. ತಾಯ್ನಾಡನ್ನು ನೆನೆದು ಕೊರಗುವವರು ತಾಯ್ನಾಡಿನ ಹಬ್ಬವನ್ನೂ, ಹಾಡನ್ನೂ, ಹಿಮದ ಚಿತ್ರವನ್ನೂ ಹೊತ್ತು ತರುವುದು ಸಹಜವಷ್ಟೆ.

ಆದರೆ ಇಲ್ಲಿ ನೆಲದಾಳಕ್ಕೆ ಇಳಿದು ಬೆವರು ಸುರಿಸಿದವರಲ್ಲಿ ಬಹುಪಾಲು ಜನ ತಮಿಳು, ತೆಲುಗು, ಕನ್ನಡದ ಬಡವರು. ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರಿಗೂ ಹೆಚ್ಚು. ಅಲ್ಲಿ ಬಂಡೆಯೇ ಕುದಿಯುವಂತೆ ಕಾದಿರುತ್ತಿತ್ತು. ಮಾಗಿಯ ಬೆಳಗಿನಲ್ಲಿ ಆ ಕಾವಿನಿಂದ ಮೇಲೆ ಬಂದವನಿಗೆ ಚಳಿ ಎಂದರೆ ಏನೆಂದು ಯಾರೂ ಪಾಠ ಹೇಳಬೇಕಾಗಿರಲಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಗಣಿಗಾರರ ಮಕ್ಕಳು ಬೆಂಗಳೂರಿನ ರೈಲು ಹಿಡಿದರು. ಅವರ ಮಕ್ಕಳು ಈಗ ಶಿಶುವಿಹಾರಗಳಲ್ಲಿ ಒಂದೇ ಚಾಪೆಯ ಮೇಲೆ ಕುಳಿತಿದ್ದಾರೆ.

ತರಗತಿಯಲ್ಲಿ ಕಂಡದ್ದು

ಮೂವತ್ತರಷ್ಟು ಮಕ್ಕಳು, ಇಬ್ಬರು ಶಿಕ್ಷಕಿಯರು. ತಮಿಳು, ಕನ್ನಡ, ಇಂಗ್ಲಿಷು ಮೂರೂ ಬೆರೆತ ಮಾತು. ಕಿಟಕಿಗೆ ಕಾಗದದ ನಕ್ಷತ್ರ. ಗೋಡೆಯ ತುಂಬ ಹತ್ತಿಯ ಹಿಮ. ಅಜ್ಜಿಯ ಮುಖ ಬಿಗಿಯಿತು. ನಾವು ಸುಮ್ಮನೆ ಕುಳಿತು ನೋಡಿದೆವು.

ಒಂದು ಮೂಲೆಯಲ್ಲಿ ತಟ್ಟೆ ತುಂಬ ಮಂಜುಗಡ್ಡೆ. ಹಿಂದಿನ ರಾತ್ರಿ ದಾಸವಾಳದ ಎಸಳನ್ನೂ ಬೇವಿನ ಎಲೆಯನ್ನೂ ನೀರಿನೊಳಗಿಟ್ಟು ಗಟ್ಟಿಮಾಡಿದ್ದರು. ಒಂದು ಗಡ್ಡೆಯ ಮೇಲೆ ಉಪ್ಪು ಉದುರಿಸಿ, ಇನ್ನೊಂದನ್ನು ಹಾಗೆಯೇ ಬಿಟ್ಟು, ‘ಯಾವ ಎಲೆ ಮೊದಲು ಹೊರಗೆ ಬರುತ್ತದೆ?’ ಎಂದು ಶಿಕ್ಷಕಿ ಕೇಳಿದರು. ಮಕ್ಕಳು ಉಸಿರು ಬಿಗಿಹಿಡಿದು ಕಾದರು. ಉಪ್ಪು ಬಿದ್ದ ಗಡ್ಡೆ ಬೇಗ ಕರಗಿತು. ಕಾರಣವನ್ನು ಅವರು ಮುಂದೆ ಎಂದೋ ಓದಿಕೊಳ್ಳಲಿ. ಊಹಿಸುವುದು, ಕಾಯುವುದು, ಊಹೆ ತಪ್ಪಿದರೆ ನಗುತ್ತ ಒಪ್ಪಿಕೊಳ್ಳುವುದು ಎಂಬ ಮೂರು ದೊಡ್ಡ ಪಾಠಗಳು ಅಲ್ಲಿ ಆಗಿಹೋದವು.

ಇನ್ನೊಂದು ಕಡೆ ಸ್ವೆಟರು, ಟೊಪ್ಪಿಗೆ, ಕಾಲುಚೀಲ, ಶಾಲುಗಳ ರಾಶಿ. ದೊಡ್ಡದು ಚಿಕ್ಕದು ಬೇರೆಮಾಡು, ಕಾಲುಚೀಲಕ್ಕೆ ಜೊತೆ ಹುಡುಕು, ಗುಂಡಿ ಹಾಕು ಎಂಬ ಆಟ. ಕೈ ಇನ್ನೂ ಪಳಗದ ಕೂಸೊಂದಕ್ಕೆ ನಮ್ಮ ಅಜ್ಜಿಯ ಮೊಮ್ಮಗನೇ ಗುಂಡಿ ಹಾಕಿಕೊಟ್ಟ. ಕಿಟಕಿಯ ಗಾಜಿನ ಮೇಲೆ ಕೆಲವರು ಬಾಯಿಯಿಂದ ಹಾ ಎಂದು ಊದಿ, ಮುಸುಕಿದ ಆವಿಯಲ್ಲಿ ಬೆರಳಿಂದ ಅಕ್ಷರ ಬರೆಯುತ್ತಿದ್ದರು.

ಅದನ್ನು ಕಂಡು ನಮಗೆ ನಮ್ಮ ಬಾಲ್ಯ ನೆನಪಾಯಿತು. ಮಠದ ಪಾಠಶಾಲೆಯಲ್ಲಿ ನಾವು ಮೊದಲು ಅಕ್ಷರ ತಿದ್ದಿದ್ದು ಮರಳಿನ ಮೇಲೆ. ನಸುಕಿನ ಚಳಿಯಲ್ಲಿ ತಣ್ಣನೆಯ ಮರಳಿನೊಳಗೆ ಬೆರಳು ಊರಿ ಎಳೆದ ‘ಅ’ಕಾರ ಇಂದಿಗೂ ಬೆರಳ ತುದಿಯಲ್ಲಿದೆ. ಆದರೆ ತಿದ್ದುವಾಗ ನಕ್ಕದ್ದಕ್ಕೆ ಬೆತ್ತದ ಏಟು ತಿಂದದ್ದೂ ನೆನಪಿದೆ. ಮರಳು ಕಲಿಸಿದಷ್ಟನ್ನು ಬೆತ್ತ ಕಲಿಸಲಿಲ್ಲ.

ಆಟವೂ ಒಂದು ಕಾಯಕ

ಆಟದಿಂದಲೇ ಪಾಠವೆಂಬ ಮಾತನ್ನು ಪಶ್ಚಿಮದಲ್ಲಿ ಶಾಸ್ತ್ರವಾಗಿ ಕಟ್ಟಿದವನು ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್. ಅವನು ಕ್ರೈಸ್ತ ಪಾದ್ರಿಯೊಬ್ಬರ ಮಗ. 1840ರಲ್ಲಿ ತನ್ನ ಶಿಶುಶಾಲೆಗೆ ‘ಮಕ್ಕಳ ತೋಟ’ ಎಂಬ ಅರ್ಥದ ಕಿಂಡರ್‌ಗಾರ್ಟನ್ ಎಂಬ ಹೆಸರಿಟ್ಟ. ಇಟಲಿಯ ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮಿನ ಬಡವರ ಕೇರಿಯಲ್ಲಿ ಮಕ್ಕಳ ಮನೆಯನ್ನು ತೆರೆದರು. 1939ರಲ್ಲಿ ಭಾರತಕ್ಕೆ ಬಂದು ಯುದ್ಧಕಾಲದಲ್ಲಿ ಇಲ್ಲಿಯೇ ಉಳಿದು ಸಾವಿರಕ್ಕೂ ಹೆಚ್ಚು ಶಿಕ್ಷಕರಿಗೆ ತರಬೇತಿ ಕೊಟ್ಟರು. ಬೆರಳಿಂದ ಸವರಿ ಕಲಿಯುವ ಉಪ್ಪುಕಾಗದದ ಅಕ್ಷರಗಳು ಅವರ ಪದ್ಧತಿಯಲ್ಲಿವೆ. ನಮ್ಮ ಮರಳಿನ ಅಕ್ಷರಕ್ಕೂ ಅದಕ್ಕೂ ಎಷ್ಟು ದೂರ? ಗುಜರಾತಿನ ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ಕಟ್ಟಿದರು. ನಮ್ಮಲ್ಲಿ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಇಂಥದೇ ಪ್ರಯೋಗ ನಡೆಸಿದರು. 1975ರಲ್ಲಿ ದೇಶದಲ್ಲಿ ಅಂಗನವಾಡಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ಟಿ. ನರಸೀಪುರದಲ್ಲಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷದವರೆಗಿನ ಕಲಿಕೆಗೆ ಆಟವೇ ಬುನಾದಿಯೆಂದಿದೆ.

ಶರಣರು ಕಾಯಕಕ್ಕೆ ಕೊಟ್ಟ ಸ್ಥಾನ ನಮಗೆಲ್ಲ ತಿಳಿದದ್ದೇ. ಕೈ, ಕಣ್ಣು, ಮನಸ್ಸು ಮೂರೂ ಒಂದಾಗಿ, ಫಲದ ಲೆಕ್ಕ ಮರೆತು ಮಾಡುವ ಕೆಲಸ ಕಾಯಕ. ಮಂಜುಗಡ್ಡೆಯ ಮುಂದೆ ಕುಳಿತ ಕೂಸು ಮಾಡುತ್ತಿದ್ದುದೂ ಅದನ್ನೇ. ಆಟ ಶಿಶುವಿನ ಕಾಯಕ. ಅದನ್ನು ಕಾಲಹರಣವೆಂದು ಹಳಿಯುವುದು ಸಲ್ಲದು.

ಬೆತ್ಲೆಹೇಮಿನ ಕುರುಬರು

ಬಿಡುವಿನಲ್ಲಿ ಶಿಕ್ಷಕಿಯನ್ನು ಕೇಳಿದೆವು: ‘ತಾಯಿ, ಆಟ ಚೆನ್ನಾಗಿದೆ. ಆದರೆ ಈ ಮಕ್ಕಳು ಕಾಣದ ಹಿಮವನ್ನು ಗೋಡೆಗೆ ಅಂಟಿಸಿದ್ದೀರಿ. ಕಂಡ ಇಬ್ಬನಿ ಎಲ್ಲಿ? ಯೇಸುಸ್ವಾಮಿ ಹುಟ್ಟಿದ ಊರಿನಲ್ಲಾದರೂ ಹಿಮ ಬೀಳುತ್ತದೆಯೇ?’

ಅವರು ಕ್ಷಣ ಯೋಚಿಸಿ ನಕ್ಕರು. ‘ಗುರುಗಳೇ, ನಾನೂ ಇದೇ ಹತ್ತಿ ಅಂಟಿಸಿ ಓದಿದವಳು. ಪ್ರಶ್ನೆ ಇಂದೇ ಹೊಳೆದದ್ದು.’

ಬೆತ್ಲೆಹೇಮು ನಮ್ಮ ಕೋಲಾರದ ಹಾಗೆಯೇ ಎತ್ತರದ ಒಣ ನೆಲದ ಊರು. ಅಲ್ಲಿ ಹಿಮ ಬೀಳುವುದು ಅಪರೂಪ. ಕ್ರೈಸ್ತರ ಸುವಾರ್ತೆಯ ಜನನವೃತ್ತಾಂತದಲ್ಲಿ ಹಿಮದ ಮಾತೇ ಇಲ್ಲ. ಇರುವವರು ರಾತ್ರಿಯೆಲ್ಲ ಬಯಲಿನಲ್ಲಿ ಕುರಿಮಂದೆ ಕಾಯುತ್ತಿದ್ದ ಕುರುಬರು. ಹಿಮ ಸೇರಿಕೊಂಡದ್ದು ಯುರೋಪಿನ ಚಿತ್ರಕಾರರಿಂದ, ಹಾಡುಗಾರರಿಂದ. ಮೂಲೆಯಲ್ಲಿದ್ದ ಗೋದಲಿಯ ಬೊಂಬೆಗಳನ್ನು ತೋರಿಸಿ, ‘ಈ ಕುರುಬನ ಹೆಗಲಿಗೆ ನಮ್ಮ ಸೀಮೆಯ ಕರಿಯ ಕಂಬಳಿ ಹೊದಿಸಿದರೆ ನಿಮ್ಮ ಧರ್ಮಕ್ಕೆ ಊನವೇ?’ ಎಂದೆವು. ‘ಇಲ್ಲವೇ ಇಲ್ಲ’ ಎಂದರು.

ಕೊರಳ ಲಿಂಗ

ಆಗ ಅಜ್ಜಿ ತಮ್ಮೊಳಗಿದ್ದ ನಿಜವಾದ ಪ್ರಶ್ನೆಯನ್ನು ಹೊರಗಿಟ್ಟರು. ‘ನೀರಾಟದಲ್ಲಿ ನಮ್ಮ ಹುಡುಗನ ಶಿವದಾರ ತೆಗೆಸುತ್ತೀರಾ?’ ಶಿಕ್ಷಕಿ ಹೇಳಿದರು: ‘ಇಲ್ಲಮ್ಮ. ನೀರಿಗೆ ಹೋಗುವ ಮುಂಚೆ ಅಂಗಿಯೊಳಗೆ ಸೇರಿಸಿ ಗುಂಡಿ ಹಾಕುತ್ತೇನೆ. ಅದು ಅವನ ದೇವರು, ಯಾರೂ ಎಳೆಯಬಾರದು ಎಂದು ಉಳಿದ ಮಕ್ಕಳಿಗೂ ಹೇಳಿದ್ದೇನೆ.’ ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ.

ಎಲ್ಲ ಕಡೆಯೂ ಹೀಗೆಯೇ ಇರುತ್ತದೆಂದು ನಾವು ಹೇಳುವುದಿಲ್ಲ. ಆದ್ದರಿಂದ ಪೋಷಕರು ತಿಳಿದಿರಬೇಕಾದ ಮಾತೊಂದಿದೆ. ಅಲ್ಪಸಂಖ್ಯಾತರು ತಮ್ಮ ಶಾಲೆಗಳನ್ನು ಕಟ್ಟಿ ನಡೆಸುವ ಹಕ್ಕನ್ನು ಸಂವಿಧಾನದ 30ನೆಯ ವಿಧಿ ಕೊಡುತ್ತದೆ. ಹಾಗೆಯೇ, ಸರ್ಕಾರದ ಮನ್ನಣೆ ಅಥವಾ ನೆರವು ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗಾಗಲಿ ಪ್ರಾರ್ಥನೆಗಾಗಲಿ ಒತ್ತಾಯಿಸಕೂಡದೆಂದು 28ನೆಯ ವಿಧಿಯ ಮೂರನೆಯ ಖಂಡ ಹೇಳುತ್ತದೆ. ಸಂದೇಹ ಬಂದರೆ ಜಗಳಕ್ಕೆ ನಿಲ್ಲದೆ, ಬೆನ್ನ ಹಿಂದೆ ಆಡಿಕೊಳ್ಳದೆ, ಶಿಕ್ಷಕರ ಎದುರು ಕುಳಿತು ವಿನಯದಿಂದ ಕೇಳುವುದೇ ಮೇಲು.

ಅವರೆಕಾಯಿಯ ಪಾಠ

ಆ ವಾರದ ಕೊನೆಯಲ್ಲಿ ಅಜ್ಜಿ ತಾವಾಗಿಯೇ ಮತ್ತೊಮ್ಮೆ ಶಾಲೆಗೆ ಹೋದರು. ಬಾರೆಂದು ನಮಗೂ ಹೇಳಿಕಳಿಸಿದರು. ಒಂದು ಪಾತ್ರೆಯಲ್ಲಿ ನೆನೆಸಿದ ಅವರೆಕಾಳು. ಅವರೆ ಮಾಗಿಯ ಬೆಳೆ. ಇಬ್ಬನಿ ಬಿದ್ದಷ್ಟೂ ಸೊಗಡು ಎಂಬುದು ಕೋಲಾರ ಸೀಮೆಯವರಿಗೆ ಹೇಳಬೇಕಾದದ್ದಲ್ಲ. ಅಜ್ಜಿ ಚಾಪೆಯ ಮೇಲೆ ಕುಳಿತು, ಹೆಬ್ಬೆರಳು ತೋರುಬೆರಳ ನಡುವೆ ಕಾಳನ್ನು ಹಿತುಕಿ ತೋರಿಸಿದರು. ಬೇಳೆ ಪಟ್ಟನೆ ಹಾರಿ ಶಿಕ್ಷಕಿಯ ಮಡಿಲಿಗೆ ಬಿತ್ತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಅರ್ಧ ಗಂಟೆ ಮೂವತ್ತು ಜೊತೆ ಪುಟ್ಟ ಕೈಗಳು ಹಿತುಕಿದ್ದೇ ಹಿತುಕಿದ್ದು. ಪೆನ್ಸಿಲು ಹಿಡಿಯಲು ಬೇಕಾಗುವುದು ಅದೇ ಎರಡು ಬೆರಳ ಹಿಡಿತ ಎಂದು ಶಿಕ್ಷಕಿ ನಮಗೆ ವಿವರಿಸಿದರು. ನಮ್ಮ ಅಡಿಗೆಮನೆಯ ಹಿತಕಿದ ಬೇಳೆ ಇಷ್ಟು ಕಾಲ ಅಕ್ಷರಾಭ್ಯಾಸವನ್ನೇ ಮಾಡಿಸುತ್ತಿತ್ತು, ನಮಗೆ ತಿಳಿದಿರಲಿಲ್ಲ.

ಗೋದಲಿಯ ಕುರುಬನ ಹೆಗಲ ಮೇಲೆ ಕಂಬಳಿಯ ಒಂದು ಚೂರು ಬಂದಿತ್ತು. ಹತ್ತಿಯ ಹಿಮವೂ ಗೋಡೆಯಲ್ಲಿ ಉಳಿದಿತ್ತು. ಅದರ ಪಕ್ಕದಲ್ಲಿ ಮಕ್ಕಳು ಬರೆದ ಇಬ್ಬನಿಯ ಜೇಡರಬಲೆ.

ನಮ್ಮ ಮನೆಗಳಲ್ಲಿ

ಮಕ್ಕಳಿಗೆ ಶಾಲೆ ಹಿಮವನ್ನು ಕೊಟ್ಟಿತೆಂದು ದೂರುವ ಮುನ್ನ, ಮನೆ ಏನನ್ನು ಕೊಟ್ಟಿತೆಂದು ನಾವು ಕೇಳಿಕೊಳ್ಳಬೇಕು. ಬೆಳಗ್ಗೆ ಎದ್ದು ಮಗುವನ್ನು ಅಂಗಳಕ್ಕೆ ಕರೆದೊಯ್ದು ಇಬ್ಬನಿ ಮುಟ್ಟಿಸಬಹುದು. ಮೋಡವಿಲ್ಲದ ರಾತ್ರಿಯಲ್ಲಿ ನೆಲ ತನ್ನ ಕಾವನ್ನು ಬಾನಿಗೆ ಬಿಟ್ಟುಕೊಟ್ಟು ತಣಿಯುತ್ತದೆ, ಗಾಳಿಯ ತೇವ ಹನಿಯಾಗುತ್ತದೆ ಎಂದು ಕಥೆಯಂತೆ ಹೇಳಬಹುದು. ಡಿಸೆಂಬರ್ 21ರ ಸುಮಾರಿಗೆ, ಮಧ್ಯಾಹ್ನ 12 ಗಂಟೆ 15 ನಿಮಿಷಕ್ಕೆ ಒಂದು ಮೀಟರಿನ ಕೋಲು ನಿಲ್ಲಿಸಿದರೆ ನಮ್ಮ ಸೀಮೆಯಲ್ಲಿ ಅದರ ನೆರಳು 74 ಸೆಂಟಿಮೀಟರಿನಷ್ಟು ಬೀಳುತ್ತದೆ. ಅದೇ ಕೋಲಿನ ನೆರಳು ಏಪ್ರಿಲ್ ಕೊನೆಯ ವಾರದ ನಡುಹಗಲಿನಲ್ಲಿ ಬುಡದಲ್ಲೇ ಅಡಗುತ್ತದೆ. ಚಳಿ ಏಕೆ, ಬಿಸಿಲು ಏಕೆ ಎಂಬುದಕ್ಕೆ ಇದಕ್ಕಿಂತ ಸುಲಭದ ಪಾಠವಿಲ್ಲ. ಸಂಕ್ರಾಂತಿಗೆ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆಗಳನ್ನು ಮಗುವಿನ ಕೈಯಿಂದಲೇ ಅಳೆಸಿ ಬೆರೆಸಿದರೆ ಅದು ಲೆಕ್ಕವೂ ಹೌದು, ಹಬ್ಬವೂ ಹೌದು. ಮೂರು ವರ್ಷದೊಳಗಿನ ಕೂಸುಗಳ ಕೈಗೆ ಮಾತ್ರ ಬಿಡಿ ಕಾಳು, ಬೀಜಗಳನ್ನು ಕೊಡಬಾರದು. ಮೂಗಿಗೆ, ಗಂಟಲಿಗೆ ಸಿಕ್ಕಿಕೊಂಡೀತು.

ಸಂಕ್ರಾಂತಿಯ ಹೊತ್ತಿಗೆ ಬರುವುದು ಸೊನ್ನಲಿಗೆಯ ಸಿದ್ಧರಾಮೇಶ್ವರರ ಜಯಂತಿ. ಹೊಲ ಕಾಯುತ್ತಿದ್ದ ಆ ಬಾಲಕ, ಜಂಗಮರೂಪಿಯಾಗಿ ಬಂದ ಮಲ್ಲಯ್ಯನ ಹಸಿವಿಗಾಗಿ ಮನೆಗೆ ಓಡಿದ ಕಥೆಯನ್ನು ರಾಘವಾಂಕ ಕವಿ ಹಾಡಿದ್ದಾನೆ. 2025ರ ಜನವರಿಯಲ್ಲಿ ನಾವು ಮತ್ತೆ ಬಂಗಾರಪೇಟೆಗೆ ಹೋದಾಗ ಆ ಮನೆಯಲ್ಲಿ ಅದೇ ಆಟ ನಡೆದಿತ್ತು. ಮೊಮ್ಮಗ ಸಿದ್ಧರಾಮ, ಅಜ್ಜಿಯೇ ಮಲ್ಲಯ್ಯ. ಹುಡುಗ ಶಾಲೆಯ ಕುರುಬನಂತೆಯೇ ಕಂಬಳಿ ಹೊದ್ದಿದ್ದ. ಬಟ್ಟಲಲ್ಲಿ ಎಳ್ಳುಬೆಲ್ಲ ಹಿಡಿದು ಓಡಿ ಬಂದವನು ನಮ್ಮನ್ನು ಕಂಡು ನಿಂತು, ‘ತಾತ, ನಿಮಗೂ ಹಸಿವೆಯೇ?’ ಎಂದು ಕೇಳಿದ. ಅಜ್ಜಿ ನಮ್ಮ ಕಡೆ ನೋಡಿದರು. ಹಿಂದಿನ ತಿಂಗಳ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ.

ಬೇರು ಗಟ್ಟಿಯಿರುವ ಗಿಡಕ್ಕೆ ಯಾವ ಗಾಳಿಯೂ ಕೇಡಲ್ಲ. ಬೇರಿಗೆ ನೀರೆರೆಯುವ ಕೆಲಸ ಶಾಲೆಯದಲ್ಲ, ನಮ್ಮದು. ಅದಕ್ಕೆ ಬೇಕಾದದ್ದು ದಿನಕ್ಕೆ ಅರ್ಧ ಗಂಟೆ, ಒಂದು ಹಿಡಿ ಅವರೆಕಾಳು ಮತ್ತು ಮಗುವಿನೊಡನೆ ನೆಲದ ಮೇಲೆ ಕುಳಿತುಕೊಳ್ಳುವ ಮನಸ್ಸು.