ಅರ್ಧ ನಿಮಿಷದ ರಂಗಭೂಮಿ

ಹೊಸ ಕಲಾಪ್ರಕಾರವೊಂದು ಜನಮನವನ್ನು ಸೂರೆಗೊಂಡಾಗಲೆಲ್ಲ ಅದನ್ನು ಜರೆಯುವವರೂ ಅದರ ಬೆನ್ನಿಗೇ ಹುಟ್ಟಿಕೊಳ್ಳುವುದು ಲೋಕರೂಢಿ. ಕಂಪನಿ ನಾಟಕಗಳು ಊರೂರಿಗೆ ಬಂದಾಗ ಹುಡುಗರು ಕೆಟ್ಟರೆಂದು ಹಿರಿಯರು ಹಲುಬಿದರು. ಚಲಚ್ಚಿತ್ರ ಬಂದಾಗ ನಾಟಕದವರು ಹಲುಬಿದರು. ದೂರದರ್ಶನ ಬಂದಾಗ ಪುಸ್ತಕಪ್ರಿಯರು ಹಲುಬಿದರು. ಇಂದು ಆ ಸರದಿ ಮೊಬೈಲಿನ ಕಿರುವಿಡಿಯೋಗಳದು. ಇನ್‌ಸ್ಟಾಗ್ರಾಮಿನಲ್ಲಿ ರೀಲ್ಸ್ ಎಂದೂ ಯೂಟ್ಯೂಬಿನಲ್ಲಿ ಶಾರ್ಟ್ಸ್ ಎಂದೂ ಕರೆಯಿಸಿಕೊಳ್ಳುವ ಈ ಚಿತ್ರಗಳನ್ನು ಹಳಿಯದೆ ಅಧ್ಯಾಪಕರ ಕೋಣೆಯಲ್ಲಿ ಒಂದು ಚಹದ ಹೊತ್ತೂ ಕಳೆಯುವುದಿಲ್ಲ. ಓದುವ ಹುಡುಗರು ಫಾಲೋವರ್‌ಗಳನ್ನು ಎಣಿಸುತ್ತ ಕುಳಿತಿದ್ದಾರೆ ಎಂಬುದು ಆ ಸಭೆಯ ಠರಾವು. ಅದರಲ್ಲಿ ಸತ್ಯಾಂಶವಿಲ್ಲವೆಂದು ನಾನು ಹೇಳಲಾರೆ. ಆದರೆ ಎಣಿಸುವ ಮೊದಲು ಆ ಹುಡುಗರು ಏನು ಮಾಡುತ್ತಾರೆ, ಎಣಿಸಿದ ಮೇಲೆ ಏನು ಮಾಡುತ್ತಾರೆ ಎಂಬುದನ್ನು ನೋಡದೆ ತೀರ್ಪು ಕೊಡುವುದು ಸಾಹಿತ್ಯದ ಅಧ್ಯಾಪಕನಿಗೆ ತಕ್ಕುದಲ್ಲ.

ಚಿಕ್ಕದೆಂಬ ಕಾರಣಕ್ಕೆ ಇದನ್ನು ಅಲ್ಪವೆನ್ನುವಂತಿಲ್ಲ. ಸರ್ವಜ್ಞನಿಗೆ ಮೂರು ಸಾಲು ಸಾಕಾದವು. ದಿನಕರ ದೇಸಾಯಿಯವರಿಗೆ ನಾಲ್ಕು ಸಾಲು ಸಾಕಾದವು. ಅಂದಿನ ಪುಲಿಗೆರೆ, ಇಂದಿನ ನಮ್ಮ ಲಕ್ಷ್ಮೇಶ್ವರದಲ್ಲಿ ಬಾಳಿದ ಆದಯ್ಯನ ವಚನವೊಂದನ್ನು ಓದಲು ಅರ್ಧ ನಿಮಿಷ ಸಾಕು, ಅರಗಿಸಿಕೊಳ್ಳಲು ಎಷ್ಟು ಹೊತ್ತು ಬೇಕೆಂಬುದು ಬೇರೆಯ ಮಾತು. ಚಲಚ್ಚಿತ್ರದ ಹುಟ್ಟು ಕೂಡ ಹೀಗೆಯೇ ಆಯಿತು. ಲೂಮಿಯೇರ್ ಸಹೋದರರು 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನಲ್ಲಿ ತೋರಿಸಿದ ಚಿತ್ರಗಳು ಒಂದೊಂದೂ ಸುಮಾರು 50 ಸೆಕೆಂಡಿನವು. 1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ನಮ್ಮ ದೇಶದವರು ಮೊದಲು ಕಂಡುದೂ ಅಂಥವನ್ನೇ. ಯೂಟ್ಯೂಬಿನ ಮೊಟ್ಟಮೊದಲ ವಿಡಿಯೋ 2005ರ ಏಪ್ರಿಲ್ 23ರಂದು ಬಂದಿತು. ಅದರ ಅವಧಿ 19 ಸೆಕೆಂಡು. ಆದುದರಿಂದ ಅಳತೆಯನ್ನು ಹಿಡಿದು ಜಗಳ ಕಾಯುವುದು ಬೇಡ.

ಗುಡ್ಡದ ಸೆರಗಿನಲ್ಲಿ

ನನ್ನ ತರಗತಿಗೆ ಡೋಣಿಯಿಂದ ಬರುವ ಕೆಲವರು ವಿದ್ಯಾರ್ಥಿಗಳಿದ್ದಾರೆ. ಮುಂಡರಗಿ ತಾಲೂಕಿನ ಈ ಊರು ಕಪ್ಪತಗುಡ್ಡದ ಸೆರಗಿನಲ್ಲಿದೆ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳ ನಡುವಣ ನಾಡನ್ನು ಕವಿರಾಜಮಾರ್ಗವು ಕನ್ನಡದ ತಿರುಳೆಂದು ಗುರುತಿಸಿರುವುದನ್ನು ವಾಚಕರು ಬಲ್ಲರು. ಲಕ್ಷ್ಮೇಶ್ವರದಿಂದ ಕೊಪ್ಪಳಕ್ಕೆ ಭೂಪಟದ ಮೇಲೆ ಒಂದು ಗೆರೆಯೆಳೆದರೆ ಅದು ಈ ಗುಡ್ಡಸಾಲನ್ನು ದಾಟಿಯೇ ಹೋಗಬೇಕು. ಔಷಧಿ ಸಸ್ಯಗಳಿಗೆ ಹೆಸರಾದ ಗುಡ್ಡವಿದು. ತೋಳ, ಕತ್ತೆಕಿರುಬ, ಕೊಂಡುಕುರಿಗಳ ನೆಲೆ. ಗಣಿಗಾರಿಕೆಯ ವಿರುದ್ಧ ಹಲವು ವರ್ಷ ನಡೆದ ಜನರ ಹೋರಾಟದ ತರುವಾಯ 2019ರಲ್ಲಿ ಇದು ವನ್ಯಜೀವಿಧಾಮವೆಂದು ಘೋಷಿತವಾಯಿತು. ವರ್ಷದ ಬಹುಭಾಗ ಬಿಸಿಲಿಗೆ ಕಾದು ನಿಲ್ಲುವ ಈ ಗುಡ್ಡದ ಮೈಮೇಲೆ ಮಳೆಗಾಲದಲ್ಲಿ ಮೋಡ ಇಳಿಯುತ್ತದೆ. ಗಾಳಿಯಂತ್ರಗಳ ರೆಕ್ಕೆಗಳು ಮಂಜಿನಲ್ಲಿ ಮುಳುಗಿ ಮುಳುಗಿ ಏಳುತ್ತವೆ. ಕೈಯಲ್ಲಿ ಮೊಬೈಲಿದ್ದ ಹುಡುಗರು ಆ ಹೊತ್ತಿಗೆ ಸುಮ್ಮನಿರುವುದುಂಟೇ?

ಅವರ ಕೆಲಸದ ಬಗೆಯನ್ನು ಹತ್ತಿರದಿಂದ ನೋಡಿದಾಗ ನನಗೆ ಆಶ್ಚರ್ಯವಾಯಿತು. ಅದು ಮನಸ್ಸಿಗೆ ಬಂದಂತೆ ಮಾಡಿದ ಆಟವಾಗಿರಲಿಲ್ಲ. ಒಂದೇ ದೃಶ್ಯವನ್ನು ಮೂರು ಬಗೆಯಾಗಿ ಆರಂಭಿಸಿ ನೋಡುತ್ತಾರೆ: ಒಂದಕ್ಕೆ ಚಿತ್ರಗೀತೆ, ಒಂದಕ್ಕೆ ಬರಿಯ ಗಾಳಿಯ ಸದ್ದು, ಒಂದಕ್ಕೆ ತಮ್ಮದೇ ಮಾತು. ಸಂಜೆ ಪ್ರಕಟಿಸಿ ಬೆಳಿಗ್ಗೆ ಫಲವನ್ನು ಪರೀಕ್ಷಿಸುತ್ತಾರೆ. ನೋಡುಗರಲ್ಲಿ ಎಷ್ಟು ಮಂದಿ ಯಾವ ಸೆಕೆಂಡಿನಲ್ಲಿ ಬೇಸತ್ತು ಮುಂದಕ್ಕೆ ಸರಿದರೆಂಬುದನ್ನು ಮೊಬೈಲು ಒಂದು ಇಳಿಗೆರೆಯಾಗಿ ಬರೆದು ತೋರಿಸುತ್ತದೆ. ಮೊದಲ ಮೂರು ಸೆಕೆಂಡುಗಳಲ್ಲಿ ಹಿಡಿದು ನಿಲ್ಲಿಸಬೇಕು ಎಂಬುದು ಇವರ ಮೂಲಮಂತ್ರ. ವಿದ್ಯಾರ್ಥಿನಿಯೊಬ್ಬಳು ಇದಕ್ಕಾಗಿಯೇ ಗೆರೆ ಹೊಡೆದ ನೋಟುಬುಕ್ಕೊಂದನ್ನು ಇಟ್ಟಿದ್ದಾಳೆ. ಏನನ್ನು ಬದಲಿಸಿದೆ, ಎಷ್ಟು ಮಂದಿ ಕೊನೆಯವರೆಗೆ ನಿಂತರು, ಎಷ್ಟು ಮಂದಿ ಇನ್ನೊಬ್ಬರಿಗೆ ಕಳಿಸಿದರು ಎಂದು ಅದರಲ್ಲಿ ಮೂರು ಅಂಕಣಗಳು. ಪ್ರಬಂಧವನ್ನು ಎರಡನೆಯ ಸಲ ತಿದ್ದಿ ಬರೆಯಿರೆಂದರೆ ಮುಖ ಸಿಂಡರಿಸುವ ವಯಸ್ಸಿನವರು ಅರ್ಧ ನಿಮಿಷದ ಚಿತ್ರವೊಂದನ್ನು ಏಳೆಂಟು ಸಲ ತಿದ್ದುವುದನ್ನು ಕಂಡು ಅಧ್ಯಾಪಕನಾದವನು ಹರ್ಷಪಡದೆ ಹೇಗಿದ್ದಾನು?

ಆ ನೋಟುಬುಕ್ಕಿನ ಒಂದು ಪುಟ ಮಾತ್ರ ನನ್ನನ್ನು ಚಿಂತೆಗೆ ಹಚ್ಚಿತು. ಹುಡುಗಿ ಗುಡ್ಡದಂಚಿನ ಬೇಲಿಗೆ ಹಬ್ಬಿದ ಅಮೃತಬಳ್ಳಿಯನ್ನು ಕುರಿತು ಒಂದು ಚಿತ್ರ ಮಾಡಿದ್ದಳು. ಬಳ್ಳಿಯ ಹೆಸರು, ಅದು ಬೆಳೆಯುವ ಜಾಗ, ತನ್ನ ಅಜ್ಜಿ ಅದನ್ನು ಗುರುತಿಸುತ್ತಿದ್ದ ಬಗೆ — ಇಷ್ಟನ್ನು ಮನೆಮಾತಿನಲ್ಲೇ ಹೇಳಿದ್ದಳು. ಚೆಲುವಾದ ಚಿತ್ರ. ಆದರೆ ಹೆಸರು ಬಂದ ಕಡೆಯಲ್ಲೇ ಇಳಿಗೆರೆ ಧುಮುಕಿತ್ತು. ಅದೇ ಜಾಗದಲ್ಲಿ ಮಾತನ್ನೆಲ್ಲ ತೆಗೆದು, ಮಂಜನ್ನೂ ಚಿತ್ರಗೀತೆಯನ್ನೂ ಕೂಡಿಸಿದ ಇನ್ನೊಂದು ಚಿತ್ರಕ್ಕೆ ಅದರ ಹತ್ತಾರು ಪಟ್ಟು ನೋಡುಗರು ದೊರೆತಿದ್ದರು. “ಹೆಸರು ಹೇಳಾಕ ಶುರು ಮಾಡಿದ ಕೂಡಲೇ ಮಂದಿ ಹೊಂಟ್ಹೋಗ್ತಾರ್ರೀ ಸರ್. ಹೆಸರ ತಗದ್ರ ಓಡತೈತ್ರಿ” ಎಂದಳು.

ಕನ್ನಡ ಕಲಿಸುವವನಿಗೆ ಈ ಮಾತು ಸುಲಭವಾಗಿ ಜೀರ್ಣವಾಗುವಂಥದಲ್ಲ. ವಸ್ತುವಿಗೆ ಅದರ ಸರಿಯಾದ ಹೆಸರನ್ನು ಹುಡುಕಿಕೊಡುವುದೇ ಸಾಹಿತ್ಯದ ಮೊದಲ ಕಸುಬು. ಆ ಹೆಸರನ್ನೇ ಬಿಡು ಎಂದು ಹೇಳುತ್ತಿರುವ ಈ ನ್ಯಾಯಾಧೀಶನು ಯಾರು?

ಕಾಣದ ನ್ಯಾಯಾಧೀಶ

ಸ್ಥೂಲವಾಗಿ ಇವನ ವ್ಯವಹಾರ ಹೀಗಿದೆ. ಹೊಸ ಚಿತ್ರವನ್ನು ಯಂತ್ರವು ಮೊದಲು ಕೆಲವರಿಗೆ ತೋರಿಸುತ್ತದೆ. ಅವರು ಎಷ್ಟು ಹೊತ್ತು ನೋಡಿದರು, ಮೆಚ್ಚಿದರೇ, ಇತರರಿಗೆ ಕಳಿಸಿದರೇ ಎಂದು ಲೆಕ್ಕ ಹಾಕುತ್ತದೆ. ಲೆಕ್ಕ ಹಿಡಿಸಿದರೆ ಇನ್ನಷ್ಟು ಜನರ ಮುಂದಿಡುತ್ತದೆ. ಪ್ರಯೋಗವು ಈ ವ್ಯವಸ್ಥೆಯ ಹೃದಯದಲ್ಲೇ ಇದೆ. 2024ರ ಡಿಸೆಂಬರಿನಲ್ಲಿ ಇನ್‌ಸ್ಟಾಗ್ರಾಮ್ ಸಂಸ್ಥೆಯು ‘ಟ್ರಯಲ್ ರೀಲ್ಸ್’ ಎಂಬ ಸೌಕರ್ಯವನ್ನೇ ತಂದಿತು: ಚಿತ್ರವನ್ನು ಮೊದಲು ಅಪರಿಚಿತರಿಗೆ ಮಾತ್ರ ತೋರಿಸಿ, ಅವರು ಒಪ್ಪಿದರೆ ತನ್ನ ಅನುಯಾಯಿಗಳ ಮುಂದಿಡಬಹುದು. ಇನ್ನು ಯೂಟ್ಯೂಬು 2025ರ ಮಾರ್ಚ್ 31ರಿಂದ ಕಿರುವಿಡಿಯೋಗಳ ವೀಕ್ಷಣೆಯನ್ನು ಎಣಿಸುವ ಬಗೆಯನ್ನೇ ಬದಲಿಸಿತು. ಚಿತ್ರ ಚಲಿಸತೊಡಗಿದರೆ ಸಾಕು, ಅದು ಒಂದು ವೀಕ್ಷಣೆ. ಇಂತಿಷ್ಟು ಹೊತ್ತು ನೋಡಿರಬೇಕೆಂಬ ನಿಯಮವಿಲ್ಲ. ಬಾಗಿಲ ಮುಂದೆ ಹಾದುಹೋದವನನ್ನೂ ಅತಿಥಿಯೆಂದು ಬರೆದುಕೊಂಡಂತಾಯಿತು. 2023ರಲ್ಲಿ ಗೊತ್ತುಪಡಿಸಿದ ನಿಯಮದಂತೆ, ಕಿರುವಿಡಿಯೋಗಳಿಂದ ಜಾಹೀರಾತಿನ ಪಾಲು ಪಡೆಯಬೇಕಾದರೆ 1000 ಚಂದಾದಾರರ ಜೊತೆಗೆ 90 ದಿನಗಳಲ್ಲಿ 1 ಕೋಟಿ ವೀಕ್ಷಣೆಗಳು ಬೇಕು. ಡೋಣಿಯ ಹುಡುಗಿ ಅಮೃತಬಳ್ಳಿಯನ್ನು ನೆಚ್ಚಿ ಈ ಕೋಟಿಯನ್ನು ಮುಟ್ಟುವುದೆಂತು? ಆಕೆಯ ಮನಸ್ಸು ಮಂಜಿನ ಕಡೆಗೆ ತಿರುಗಿದರೆ ದೂಷಿಸುವುದೆಂತು?

ನೋಡುಗರ ಮರ್ಜಿಯನ್ನು ಹಿಡಿದು ಕಲೆಯನ್ನು ತಿದ್ದಿಕೊಳ್ಳುವುದು ಇಂದಿನ ಸೃಷ್ಟಿಯಲ್ಲವೆಂಬುದೂ ನಿಜವೇ. ಗದಗಿನ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯಂಥ ಕಂಪನಿಗಳು ಜನರ ದುಡ್ಡಿನ ಮೇಲೆಯೇ ಬದುಕಬೇಕಾಗಿತ್ತು. ‘ವನ್ಸ್ ಮೋರ್’ ಎಂಬ ಕೂಗು ಅಂದಿನ ಮೆಚ್ಚುಗೆಯ ಅಳತೆಗೋಲು. ಗಲ್ಲಾಪೆಟ್ಟಿಗೆ ಬರಿದಾದರೆ ಮರುದಿನದ ಆಟ ಬದಲಾಗುತ್ತಿತ್ತು. ಆದರೆ ಅಲ್ಲಿ ನಟನು ನೋಡುಗನ ಮುಖವನ್ನು ಕಾಣುತ್ತಿದ್ದನು. ಮೌನದಲ್ಲಿ ಎರಡು ಬಗೆಯಿದೆ, ಬೇಸರದ ಮೌನ ಮತ್ತು ಮೈಮರೆತ ಮೌನ. ರಂಗದ ಮೇಲೆ ನಿಂತವನಿಗೆ ಇವೆರಡರ ವ್ಯತ್ಯಾಸ ಬೆನ್ನುಹುರಿಯಲ್ಲಿ ತಿಳಿಯುತ್ತಿತ್ತು. ಮೊಬೈಲಿನ ಇಳಿಗೆರೆಗೆ ಈ ವಿವೇಚನೆಯಿಲ್ಲ. ಅಮೃತಬಳ್ಳಿಯ ಹೆಸರು ಕೇಳಿ ಸರಿದುಹೋದ ನೂರು ಮಂದಿಯನ್ನು ಅದು ತೋರಿಸೀತು. ಹೆಸರು ಕೇಳಿ ತನ್ನ ಅವ್ವನನ್ನು ನೆನೆದ ಒಬ್ಬಳನ್ನು ತೋರಿಸಲಾರದು.

ಹಾಗಾದರೆ ನೆಲದ ಗುರುತನ್ನು ಅಳಿಸಿಕೊಂಡವರೇ ಗೆಲ್ಲುತ್ತಾರೆಯೇ? ನಮ್ಮ ಕಣ್ಣ ಮುಂದಿನ ಉದಾಹರಣೆಗಳು ಬೇರೆಯನ್ನೇ ಹೇಳುತ್ತವೆ. ವಿಕ್ಕಿಪೀಡಿಯ ಎಂಬ ಹೆಸರಿನಿಂದ ವಿಕಾಸ್ ಅವರು 2023ರಲ್ಲಿ ಮಾಡಿದ ‘ನಂದಿನಿ’ಯ ಹಾಡು ಕನ್ನಡ ಬಾರದವರ ಬಾಯಲ್ಲೂ ಕುಣಿಯಿತು. ಅದರ ಧಾಟಿ ‘ಬಾರ್ಬಿ ಗರ್ಲ್’ ಎಂಬ 1997ರ ಪಾಶ್ಚಾತ್ಯ ಗೀತೆಯದು, ಎರವಲು. ಒಳಗಿನ ಸರಕು ಮಾತ್ರ ಬೆಂಗಳೂರಿಗೆ ಬಂದು ಪಿ.ಜಿ.ಯಲ್ಲಿ ಉಳಿದ ಹುಡುಗಿಯೊಬ್ಬಳ ದಿನದ ಬದುಕು. ಊರು ಇದೆ, ಹೆಸರು ಇದೆ. ಡಾ. ಬ್ರೋ ಎಂದು ಖ್ಯಾತರಾದ ಗಗನ್ ಶ್ರೀನಿವಾಸ್ ದೇಶವಿದೇಶಗಳ ಬೀದಿಗಳಲ್ಲಿ ನಿಂತು ‘ನಮಸ್ಕಾರ ದೇವ್ರು’ ಎಂದು ಕನ್ನಡದಲ್ಲೇ ಮಾತಿಗಾರಂಭಿಸುತ್ತಾರೆ. ದೇಶ ಬದಲಾಗುತ್ತದೆ, ದೃಶ್ಯ ಬದಲಾಗುತ್ತದೆ, ಆ ಸಂಬೋಧನೆ ಬದಲಾಗುವುದಿಲ್ಲ. ನಮ್ಮ ಉತ್ತರ ಕರ್ನಾಟಕದ ಮಾತೂ ಕಿರುವಿಡಿಯೋಗಳಿಂದಲೇ ನಾಡಿನ ಮೂಲೆಮೂಲೆಗೆ ಮುಟ್ಟಿದೆ. ವಿಷಾದವೆಂದರೆ ಬಹುಮಟ್ಟಿಗೆ ಅದು ನಗಿಸುವ ವೇಷದಲ್ಲೇ ಹೋಗಿದೆ. ನಗೆ ಬೇಡವೆಂದಲ್ಲ. ಬಳ್ಳಿಯ ಗುಣವನ್ನೂ ಬಿತ್ತನೆಯ ಹದವನ್ನೂ ಅದೇ ಮಾತಿನಲ್ಲಿ ಹೇಳಿದಾಗ ಜನ ನಗದೆ ಕೇಳಬೇಕಲ್ಲವೇ? ಅಮೃತಬಳ್ಳಿಯ ಆ ಪುಟ್ಟ ಚಿತ್ರದಲ್ಲಿ ಪಣಕ್ಕಿಟ್ಟುದು ಇಷ್ಟು ದೊಡ್ಡದು.

ಬದಲಿಸದೆ ಉಳಿಯುವುದು

ಇನ್ನೊಂದು ಸಂಗತಿಯನ್ನೂ ಮರೆಯಲಾಗದು. 2020ರ ಜೂನ್ 29ರಂದು ಕೇಂದ್ರ ಸರಕಾರವು 59 ಆ್ಯಪ್‌ಗಳನ್ನು ನಿಷೇಧಿಸಿದಾಗ ಟಿಕ್‌ಟಾಕ್ ಅವುಗಳಲ್ಲೊಂದಾಗಿತ್ತು. ಹಳ್ಳಿಹಳ್ಳಿಗಳಲ್ಲಿ ಅದರ ಮೇಲೆ ಹೆಸರು ಮಾಡಿದವರ ಅನುಯಾಯಿಗಳು ಒಂದೇ ರಾತ್ರಿಯಲ್ಲಿ ಕಾಣದಾದರು. ಮುಂದಿನ ಜುಲೈಯಲ್ಲಿ ರೀಲ್ಸ್, ಸೆಪ್ಟೆಂಬರಿನಲ್ಲಿ ಶಾರ್ಟ್ಸ್ ನಮ್ಮ ದೇಶಕ್ಕೆ ಬಂದವು. ಕಲಾವಿದರು ಮತ್ತೆ ಒಂದರಿಂದ ಎಣಿಸಬೇಕಾಯಿತು. ಪಾಲಿಗೆ ಮಾಡಿದ ಹೊಲದಂತೆ ಈ ಅನುಯಾಯಿವರ್ಗ. ಉಳುವುದು, ಬಿತ್ತುವುದು ನಮ್ಮದು, ಹೊಲ ಅನ್ಯರದು. ಹೊಲ ಕೈಬಿಟ್ಟ ದಿನ ರೈತನ ಬಳಿ ಉಳಿಯುವುದು ಬೀಜ ಮತ್ತು ಬೇಸಾಯದ ಅರಿವು. ಹೊಸ ಹೊಲದಲ್ಲಿ ಬೇಗ ಬೇರೂರಿದವರು ತಮ್ಮದೇ ಆದ ಮಾತನ್ನೋ ಕಸುಬನ್ನೋ ಕೈಯಲ್ಲಿ ಹಿಡಿದಿದ್ದವರು ಎಂದೇ ನನ್ನ ಎಣಿಕೆ.

ನಮ್ಮ ಕಾಲೇಜಿನ ವಿಜ್ಞಾನ ವಿಭಾಗದವರು ಮಕ್ಕಳಿಗೆ ಮೊದಲ ವಾರವೇ ಒಂದು ಪಾಠ ಹೇಳುತ್ತಾರೆ: ಪ್ರಯೋಗದಲ್ಲಿ ಒಂದನ್ನು ಬದಲಿಸಬೇಕು, ಉಳಿದುದನ್ನು ಸ್ಥಿರವಾಗಿಡಬೇಕು, ಎಲ್ಲವನ್ನೂ ಒಮ್ಮೆಗೇ ಬದಲಿಸಿದರೆ ಏನೂ ತಿಳಿಯುವುದಿಲ್ಲ. ಕಿರುವಿಡಿಯೋದ ಪ್ರಯೋಗಶೀಲರಿಗೂ ಇದಕ್ಕಿಂತ ಮಿಗಿಲಾದ ಉಪದೇಶವಿಲ್ಲ. ಆರಂಭವನ್ನು ಬದಲಿಸಲಿ, ಕೋನವನ್ನು ಬದಲಿಸಲಿ, ಅವಧಿಯನ್ನು ಬದಲಿಸಲಿ. ಆದರೆ ಇಳಿಗೆರೆ ಕೇಳಿದಾಗಲೆಲ್ಲ ಹೆಸರನ್ನು, ಊರನ್ನು, ಮಾತನ್ನು, ನಿಜವನ್ನು ಒಂದೊಂದಾಗಿ ಬಿಟ್ಟುಕೊಡುತ್ತ ಹೋದರೆ ಕಡೆಗೆ ಪ್ರಯೋಗ ಮಾಡಿದವರೇ ಪ್ರಯೋಗದ ವಸ್ತುವಾಗುತ್ತಾರೆ. ಯಾರು ಯಾರ ಅನುಯಾಯಿ ಎಂಬುದೇ ಆಗ ತಿಳಿಯದು. ಹೆಸರಿಲ್ಲದ ಗುಡ್ಡದ ಗತಿಯನ್ನಾದರೂ ನೋಡಿ: ಮಂಜಿನ ಚಿತ್ರಗಳನ್ನು ಕಂಡು ಮಳೆಗಾಲದ ರಜಾದಿನಗಳಲ್ಲಿ ಕಪ್ಪತಗುಡ್ಡಕ್ಕೆ ವಾಹನಗಳ ಸಾಲು ಬರುತ್ತದೆ, ಬಂದವರು ಅದೇ ಭಂಗಿಯಲ್ಲಿ ನಿಂತು ಅದೇ ಚಿತ್ರವನ್ನು ತೆಗೆದುಕೊಂಡು, ಬಾಟಲಿಯನ್ನು ಅಲ್ಲೇ ಎಸೆದು ಹೋಗುತ್ತಾರೆ. ಕಾಲಡಿಯ ಗಿಡದ ಹೆಸರು ತಿಳಿದಿದ್ದರೆ ಅದನ್ನು ತುಳಿಯುವ ಮುನ್ನ ಒಂದು ಕ್ಷಣ ತಡೆದಾರು.

ಡೋಣಿಯ ಹುಡುಗಿ ಈಗ ಹೊಸದೊಂದು ಬಗೆಯನ್ನು ಹಿಡಿದಿದ್ದಾಳೆ. ಹೆಸರನ್ನು ತೆಗೆಯುವ ಬದಲು ಅದನ್ನೇ ಮೊದಲ ಸೆಕೆಂಡಿಗೆ ತಂದಳು. ಬಳ್ಳಿಯ ಎಲೆಯನ್ನು ಅಂಗೈಯಲ್ಲಿಟ್ಟು, “ನಿಮ್ಮೂರಾಗ ಇದಕ್ಕ ಏನಂತಾರ್ರೀ?” ಎಂದು ಕೇಳಿ ಚಿತ್ರವನ್ನು ಆರಂಭಿಸುತ್ತಾಳೆ. ನೋಡುಗರ ಸಂಖ್ಯೆ ಮಂಜಿನ ಚಿತ್ರದ ಸಮೀಪಕ್ಕೂ ಬಂದಿಲ್ಲ. ಆದರೆ ಶಿರಹಟ್ಟಿಯ ಕಡೆಯಿಂದ, ಲಕ್ಷ್ಮೇಶ್ವರದ ಕಡೆಯಿಂದ ಹಿರಿಯರು ತಂತಮ್ಮ ಮಕ್ಕಳ ಕೈಯಿಂದ ಉತ್ತರ ಬರೆಸಿದ್ದಾರೆ. ಒಂದೇ ಗಿಡಕ್ಕೆ ಎರಡು ಮೂರು ಹೆಸರುಗಳು ಸಿಕ್ಕಿವೆ. ಅವನ್ನೆಲ್ಲ ಅವಳು ನೋಟುಬುಕ್ಕಿಗೆ ಇಳಿಸಿಕೊಂಡಿದ್ದಾಳೆ. ಈ ದಾರಿಯಿಂದ 1 ಕೋಟಿ ವೀಕ್ಷಣೆ ಬರುತ್ತದೆಂದು ನಾನು ಅವಳಿಗೆ ಭರವಸೆ ಕೊಡಲಾರೆ. ನಾಳೆ ಬೇಸತ್ತು ಮಂಜಿನ ಕಡೆಗೆ ಅವಳು ಮರಳಲೂಬಹುದು.

ಅಧ್ಯಾಪಕ ಬಂಧುಗಳಲ್ಲಿ ನನ್ನದೊಂದು ವಿನಂತಿ. ನಿಮ್ಮ ವಿದ್ಯಾರ್ಥಿಗಳು ಇಂಥ ಚಿತ್ರಗಳನ್ನು ಮಾಡುತ್ತಿದ್ದರೆ ಎಷ್ಟು ಫಾಲೋವರ್‌ಗಳೆಂದು ಕೇಳಬೇಡಿರಿ, ಮೊಬೈಲನ್ನು ಕಸಿಯಲೂ ಬೇಡಿರಿ. ಒಂದು ನೋಟುಬುಕ್ಕು ಇಡಲು ಹೇಳಿರಿ. ಮೂರು ಅಂಕಣಗಳನ್ನು ಅವರೇ ಗೆರೆ ಹೊಡೆದುಕೊಂಡಾರು. ನಾಲ್ಕನೆಯದನ್ನು ನೀವು ಹಾಕಿಕೊಡಿರಿ. ಅದರ ತಲೆಬರಹ: ‘ಬದಲಿಸದೆ ಉಳಿಸಿದ್ದು’.