ಮಡಿಲು ತುಂಬದಿರಲು ಕಾರಣಗಳೇನು?

ಮದುವೆಯಾಗಿ ಎರಡು ಮೂರು ವರ್ಷ ಕಳೆದರೂ ಮಡಿಲು ತುಂಬದಿದ್ದರೆ ಜನರು ಮೊದಲು ಬೆರಳು ಮಾಡುವುದು ಹೆಣ್ಣಿನ ಕಡೆಗೆ. ಹರಕೆ, ನಾಗಪ್ರತಿಷ್ಠೆ, ಅಶ್ವತ್ಥ ಪ್ರದಕ್ಷಿಣೆಗಳಲ್ಲಿ ಅಮೂಲ್ಯವಾದ ಕಾಲ ಸರಿದುಹೋಗುತ್ತದೆ. ಬಂಜೆತನವು ಶಾಪವಲ್ಲ, ಕರ್ಮಫಲವೂ ಅಲ್ಲ. ಅದೊಂದು ಶಾರೀರಿಕ ಸ್ಥಿತಿ. ಗರ್ಭನಿರೋಧದ ಯಾವ ಉಪಾಯವನ್ನೂ ಅನುಸರಿಸದೆ ದಂಪತಿಗಳು ಒಂದು ವರ್ಷ ಕೂಡಿ ಬಾಳಿದರೂ ಗರ್ಭ ನಿಲ್ಲದಿದ್ದರೆ ವೈದ್ಯರು ಅದನ್ನು ಬಂಜೆತನವೆನ್ನುತ್ತಾರೆ. ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರು ಜೀವಮಾನದಲ್ಲಿ ಒಮ್ಮೆಯಾದರೂ ಈ ತೊಡಕಿಗೆ ಸಿಲುಕುವರೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೩ರಲ್ಲಿ ಅಂದಾಜು ಮಾಡಿತು.

ಗರ್ಭ ನಿಲ್ಲಬೇಕಾದರೆ ಅಂಡಾಶಯದಿಂದ ಅಂಡವು ಬಿಡುಗಡೆಯಾಗಬೇಕು. ಅಂಡನಾಳದಲ್ಲಿ ಅದಕ್ಕೆ ವೀರ್ಯಾಣು ಸೇರಬೇಕು. ಹಾಗೆ ಮೊಳೆತ ಭ್ರೂಣವು ಗರ್ಭಕೋಶವನ್ನು ತಲುಪಿ ಬೇರೂರಬೇಕು. ಈ ದಾರಿಯಲ್ಲಿ ಎಲ್ಲಿ ಅಡ್ಡಿಯುಂಟಾದರೂ ಫಲ ದೊರೆಯದು.

ಮೊದಲನೆಯ ಕಾರಣ ವಯಸ್ಸು. ಹೆಣ್ಣುಮಗು ತನ್ನ ಅಂಡಗಳನ್ನೆಲ್ಲ ಹೊತ್ತೇ ಹುಟ್ಟುತ್ತದೆ. ಹುಟ್ಟುವಾಗ ಹತ್ತರಿಂದ ಇಪ್ಪತ್ತು ಲಕ್ಷದಷ್ಟಿರುವ ಅವು ಮೈನೆರೆಯುವ ವೇಳೆಗೆ ಮೂರು ನಾಲ್ಕು ಲಕ್ಷಕ್ಕೆ ಇಳಿದಿರುತ್ತವೆ. ೩೫ ವರ್ಷ ದಾಟಿದ ಮೇಲೆ ಸಂಖ್ಯೆಯೊಡನೆ ಗುಣವೂ ಬೇಗ ಕುಗ್ಗುತ್ತದೆ. ಹೊಗೆಸೊಪ್ಪಿನ ಧೂಮಪಾನವು ಈ ಸಂಗ್ರಹವನ್ನು ಇನ್ನಷ್ಟು ಬೇಗ ಬರಿದುಮಾಡಿ, ಮುಟ್ಟು ನಿಲ್ಲುವ ಕಾಲವನ್ನೇ ಹಿಂದಕ್ಕೆಳೆಯುತ್ತದೆ.

ಎರಡನೆಯದು ಅಂಡವು ಬಿಡುಗಡೆಯಾಗದಿರುವುದು. ಇದಕ್ಕೆ ಬಹುಸಾಮಾನ್ಯ ಕಾರಣವಾದ ಸ್ಥಿತಿಯನ್ನು ಅಮೆರಿಕದ ಸ್ಟೀನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು ೧೯೩೫ರಲ್ಲಿ ವರ್ಣಿಸಿದರು. ಇಂದು ಅದಕ್ಕೆ ಪಿ.ಸಿ.ಓ.ಎಸ್. ಎಂದು ಹೆಸರು. ಮುಟ್ಟು ತಿಂಗಳುಗಟ್ಟಲೆ ತಡವಾಗುವುದು, ಮುಖದ ಮೇಲೆ ಕೂದಲು ಬೆಳೆಯುವುದು ಇದರ ಲಕ್ಷಣಗಳು. ಮೈತೂಕ ಹೆಚ್ಚಿರುವವರು ನೂರಕ್ಕೆ ಐದರಿಂದ ಹತ್ತು ಪಾಲು ಇಳಿಸಿದರೆ, ಎಷ್ಟೋ ವೇಳೆ ಅಂಡೋತ್ಸರ್ಗ ತಾನಾಗಿಯೇ ಮರಳುವುದುಂಟು. ಅತಿಯಾಗಿ ಕೃಶವಾಗಿರುವುದೂ ಥೈರಾಯಿಡ್ ಗ್ರಂಥಿಯ ದೋಷವೂ ಇದೇ ಬಗೆಯ ತೊಂದರೆಯನ್ನುಂಟುಮಾಡಬಲ್ಲವು.

ಮೂರನೆಯದು, ನಾಳ ಮುಚ್ಚಿಹೋಗುವುದು. ಅಂಡನಾಳದ ಒಳದಾರಿ ಬಹು ಕಿರಿದು. ಅಲ್ಲಿ ಸೋಂಕು ತಗುಲಿ ಉರಿಯೂತವಾದರೆ, ಗಾಯ ಮಾಯುವಾಗ ಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸ್ವೀಡನ್ ದೇಶದ ವೆಸ್ಟ್ರಮ್ ಮತ್ತು ಸಂಗಡಿಗರು ೧೯೯೨ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂತಹ ಉರಿಯೂತ ಒಮ್ಮೆ ಬಂದವರಲ್ಲಿ ನೂರಕ್ಕೆ ಸುಮಾರು ೮ ಮಂದಿಯ, ಎರಡು ಸಲ ಬಂದವರಲ್ಲಿ ೨೦ ಮಂದಿಯ, ಮೂರು ಅಥವಾ ಹೆಚ್ಚು ಸಲ ಬಂದವರಲ್ಲಿ ೪೦ ಮಂದಿಯ ನಾಳಗಳು ಕೆಟ್ಟು ಬಂಜೆತನ ಬಂದಿತ್ತು. ಪ್ರತಿಯೊಂದು ಸೋಂಕಿಗೂ ಬೇಗ ಚಿಕಿತ್ಸೆ ಪಡೆಯುವುದು ಎಷ್ಟು ಮುಖ್ಯವೆಂಬುದು ಇದರಿಂದ ತಿಳಿಯುತ್ತದೆ. ಲೈಂಗಿಕ ಸಂಪರ್ಕದಿಂದ ಹರಡುವ ಕ್ಲಮೀಡಿಯ ಮತ್ತು ಗೊನೋರಿಯ, ಶುಚಿಯಿಲ್ಲದ ಹೆರಿಗೆ, ಕಳ್ಳ ಗರ್ಭಪಾತ – ಇವು ಸೋಂಕಿನ ಮೂಲಗಳು. ನಮ್ಮ ದೇಶದಲ್ಲಿ ಇವುಗಳ ಜೊತೆಗೆ ಕ್ಷಯವೂ ಸೇರುತ್ತದೆ. ಶ್ವಾಸಕೋಶವನ್ನು ಹೊಕ್ಕ ಕ್ಷಯಾಣುಗಳು ರಕ್ತದೊಡನೆ ಅಂಡನಾಳಕ್ಕೆ ಬಂದು, ಕೆಮ್ಮಿಲ್ಲದೆ, ನೋವಿಲ್ಲದೆ ವರ್ಷಗಟ್ಟಲೆ ಅಡಗಿರಬಲ್ಲವು. ಮಗುವಾಗಲಿಲ್ಲವೆಂದು ಪರೀಕ್ಷೆಗೆ ಬಂದಾಗಲೇ ಎಷ್ಟೋ ಹೆಂಗಸರಲ್ಲಿ ರೋಗ ಪತ್ತೆಯಾಗುವುದು.

ನಾಳ ಮುಚ್ಚಿದ ತಾಯಿಗೂ ಮಗುವಾಗಬಹುದೆಂಬುದನ್ನು ೧೯೭೮ರ ಜುಲೈ ೨೫ರಂದು ಇಂಗ್ಲೆಂಡಿನಲ್ಲಿ ಹುಟ್ಟಿದ ಮೊದಲ ಪ್ರನಾಳ ಶಿಶು ತೋರಿಸಿಕೊಟ್ಟಿತು. ಆದರೆ ಕ್ಷಯವು ಗರ್ಭಕೋಶದ ಒಳಪೊರೆಯನ್ನೇ ಕೆಡಿಸಿದ್ದರೆ ಈ ಉಪಾಯವೂ ಸೋಲಬಹುದು. ಆದುದರಿಂದ ಕಾಲವನ್ನು ಕಳೆಯಬಾರದು. ಒಂದು ವರ್ಷ ಕಾದು, ೩೫ ದಾಟಿದ್ದರೆ ಆರು ತಿಂಗಳಿಗೇ, ಮುಟ್ಟು ಕ್ರಮತಪ್ಪಿದ್ದರೆ ಕಾಯದೆ, ವೈದ್ಯರನ್ನು ಕಾಣಬೇಕು.

ಕೊನೆಯದಾಗಿ ಒಂದು ಮಾತು. ಮಕ್ಕಳಿಲ್ಲದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ದೋಷವೂ ಕಾರಣವಾಗಿ, ಇಲ್ಲವೆ ಪಾಲಾಗಿ ಇರುತ್ತದೆ. ವೀರ್ಯಪರೀಕ್ಷೆ ನೋವಿಲ್ಲದ, ಅಗ್ಗದ ಪರೀಕ್ಷೆ. ಹೆಂಡತಿಯನ್ನು ಆಸ್ಪತ್ರೆಗೆ ಕಳುಹಿಸುವ ಗಂಡನು ತಾನೂ ಜೊತೆಯಲ್ಲಿ ಹೋಗುವುದು ನ್ಯಾಯ. ಅದೇ ವಿವೇಕವೂ ಹೌದು.