ಕರುಳಿನ ಶಸ್ತ್ರಚಿಕಿತ್ಸೆಯ ನಂತರ ರಕ್ತವು ನೀಡುವ ಮುನ್ಸೂಚನೆ

ಮನೆಯಲ್ಲೊಬ್ಬರಿಗೆ ಕರುಳಿನ ಶಸ್ತ್ರಚಿಕಿತ್ಸೆಯಾದಾಗ, ಅವರು ಆಪರೇಷನ್ ಕೊಠಡಿಯಿಂದ ಹೊರಬಂದೊಡನೆ ಗಂಡಾಂತರ ಕಳೆಯಿತೆಂದು ನಾವು ಸಮಾಧಾನಪಡುತ್ತೇವೆ. ವಾಸ್ತವದಲ್ಲಿ ಎಚ್ಚರ ವಹಿಸಬೇಕಾದ ದಿನಗಳು ಅಲ್ಲಿಂದಲೇ ಆರಂಭವಾಗುತ್ತವೆ.

ಕ್ಯಾನ್ಸರ್, ಸಿಕ್ಕಿಕೊಂಡ ಹರ್ನಿಯಾ, ಟೈಫಾಯಿಡ್‌ನಿಂದಾದ ರಂಧ್ರ ಮೊದಲಾದ ಕಾರಣಗಳಿಗಾಗಿ ಕರುಳಿನ ಕೆಟ್ಟ ಭಾಗವನ್ನು ತೆಗೆದು, ಉಳಿದ ಎರಡು ತುದಿಗಳನ್ನು ಜೋಡಿಸುತ್ತಾರೆ. ಕೆಲವರಲ್ಲಿ ಈ ಜೋಡಣೆ ಬಿಟ್ಟುಕೊಂಡು ಕರುಳಿನೊಳಗಿನ ಮಲಿನ ದ್ರವ ಹೊಟ್ಟೆಯೊಳಗೆ ಸೋರುತ್ತದೆ. ತಡವಾಗಿ ತಿಳಿದರೆ ನಂಜು ದೇಹವನ್ನೆಲ್ಲ ವ್ಯಾಪಿಸಿ ಪ್ರಾಣಕ್ಕೇ ಅಪಾಯವಾಗುತ್ತದೆ. ಆದರೆ ಆರಂಭದ ಲಕ್ಷಣಗಳಾದ ಅಲ್ಪ ಜ್ವರ, ಹೊಟ್ಟೆಯುಬ್ಬರ, ವೇಗದ ನಾಡಿ ಇವು ಚೇತರಿಸಿಕೊಳ್ಳುತ್ತಿರುವವರಲ್ಲಿಯೂ ಕಾಣುವುದರಿಂದ ವೈದ್ಯರಿಗೂ ನಿರ್ಧಾರ ಕಷ್ಟವಾಗುತ್ತದೆ.

ಇಲ್ಲಿ ನೆರವಿಗೆ ಬರುವುದು ಸಿ-ರಿಯಾಕ್ಟಿವ್ ಪ್ರೋಟೀನ್, ಸಂಕ್ಷಿಪ್ತವಾಗಿ ಸಿ.ಆರ್.ಪಿ. ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು 1930ರಲ್ಲಿ ಗುರುತಿಸಲಾಯಿತು. ದೇಹಕ್ಕೆ ಗಾಯವಾದಾಗ ಅಥವಾ ಸೋಂಕು ತಗಲಿದಾಗ ಯಕೃತ್ತು ಇದನ್ನು ಹೇರಳವಾಗಿ ಉತ್ಪಾದಿಸುತ್ತದೆ. ಶಸ್ತ್ರಚಿಕಿತ್ಸೆಯೂ ಗಾಯವೇ ಆದುದರಿಂದ ಎಲ್ಲ ರೋಗಿಗಳಲ್ಲಿಯೂ ಇದು ಎರಡು, ಮೂರು ದಿನ ಏರುತ್ತದೆ. ಕಾರಣ ಶಮನವಾದರೆ ಇದರ ಪ್ರಮಾಣ ಸುಮಾರು 19 ಗಂಟೆಗಳಿಗೊಮ್ಮೆ ಅರ್ಧಕ್ಕಿಳಿಯುತ್ತದೆ. ಇಳಿಯಬೇಕಾದ ದಿನಗಳಲ್ಲಿ ಇಳಿಯದಿದ್ದರೆ, ಅಥವಾ ಮತ್ತೆ ಏರಿದರೆ, ಒಳಗೆ ಏನೋ ತೊಂದರೆಯಿದೆಯೆಂದು ಸಂದೇಹಪಡಬೇಕು.

ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ಲೀಟರಿಗೆ ಮೂರನೆಯ ದಿನ 172, ನಾಲ್ಕನೆಯ ದಿನ 124, ಐದನೆಯ ದಿನ 144 ಮಿಲಿಗ್ರಾಂ ಎಂಬ ಮಿತಿಗಳನ್ನು ಸೂಚಿಸಿತು. ಇವುಗಳಿಗಿಂತ ಕಡಿಮೆಯಿದ್ದವರಲ್ಲಿ ಶೇಕಡಾ 97ರಷ್ಟು ಮಂದಿಗೆ ಸೋರಿಕೆ ಇರಲಿಲ್ಲ. ಮಿತಿಯನ್ನು ಮೀರಿದರೆ ಸೋರಿಕೆಯಾಗಿದೆಯೆಂದೇ ಅರ್ಥವಲ್ಲ. ಶ್ವಾಸಕೋಶದ ಅಥವಾ ಗಾಯದ ಸೋಂಕಿನಿಂದಲೂ ಅದು ಏರಬಹುದು. ಆಗ ವೈದ್ಯರು ರೋಗಿಯನ್ನು ಮತ್ತೆ ಪರೀಕ್ಷಿಸಿ, ಅಗತ್ಯವಿದ್ದರೆ ಸಿ.ಟಿ. ಸ್ಕ್ಯಾನ್ ಮಾಡಿಸುತ್ತಾರೆ. ಪ್ರೋಕ್ಯಾಲ್ಸಿಟೋನಿನ್ ಎಂಬ ಮತ್ತೊಂದು ಪರೀಕ್ಷೆಯು ಬ್ಯಾಕ್ಟೀರಿಯಾ ಸೋಂಕನ್ನು ಇನ್ನಷ್ಟು ನಿರ್ದಿಷ್ಟವಾಗಿ ಸೂಚಿಸುತ್ತದೆ. ಆದರೆ ಅದಕ್ಕೆ ಖರ್ಚು ಹೆಚ್ಚು.

ಕೋರಮಂಡಲ್, ಬಂಗಾರಪೇಟೆ ಭಾಗದ ಭಕ್ತರು ಇದನ್ನು ವಿಶೇಷವಾಗಿ ಗಮನಿಸಬೇಕು. ದೊಡ್ಡ ಶಸ್ತ್ರಚಿಕಿತ್ಸೆಗೆಂದು ನಮ್ಮಲ್ಲಿ ಅನೇಕರು ಕೋಲಾರಕ್ಕೋ ಬೆಂಗಳೂರಿಗೋ ಹೋಗಿ, ಡಿಸ್ಚಾರ್ಜ್ ಆದೊಡನೆ ರೈಲಿನಲ್ಲಿ ಊರಿಗೆ ಮರಳುತ್ತಾರೆ. ಸೋರಿಕೆಯು ಬಹುಮಟ್ಟಿಗೆ ಮೊದಲ ವಾರದ ಕೊನೆಯಲ್ಲಿ, ಎಂದರೆ ಮನೆ ಸೇರಿದ ಮೇಲೆಯೇ, ಪ್ರಕಟವಾಗಬಹುದು. ಅಷ್ಟರಲ್ಲಿ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು ದೂರದಲ್ಲಿರುತ್ತಾರೆ.

ಆದುದರಿಂದ ನಾವು ಹೇಳಬಯಸುವುದಿಷ್ಟು. ಆಸ್ಪತ್ರೆ ಬಿಡುವ ಮೊದಲು, "ಸಿ.ಆರ್.ಪಿ. ಇಳಿಯುತ್ತಿದೆಯೇ?" ಎಂದು ವೈದ್ಯರನ್ನು ವಿನಯದಿಂದ ಕೇಳಿರಿ. ವರದಿಗಳೆಲ್ಲವನ್ನೂ ಜೋಪಾನವಾಗಿಡಿರಿ. ಕೆಲವು ಪ್ರಯೋಗಾಲಯಗಳು ಲೀಟರಿಗೆ ಬದಲಾಗಿ ಡೆಸಿಲೀಟರಿಗೆ ಲೆಕ್ಕ ಕೊಡುತ್ತವೆ. ಅಲ್ಲಿ 15 ಎಂದಿದ್ದರೆ ಲೀಟರಿಗೆ 150 ಎಂದರ್ಥ. ಅಂಕಿಯನ್ನು ಕಂಡು ತಾವೇ ತೀರ್ಮಾನಿಸದೆ ವೈದ್ಯರಿಗೆ ತೋರಿಸಿರಿ. ಅವರು ಅನುಮತಿಸುವವರೆಗೆ, ಪ್ರೀತಿಯಿಂದ ತಂದ ಪ್ರಸಾದವನ್ನೂ ರೋಗಿಗೆ ತಿನ್ನಿಸಬಾರದು.

ಮನೆಗೆ ಬಂದ ಮೇಲೆ ಜ್ವರ, ಹೆಚ್ಚುತ್ತಿರುವ ಹೊಟ್ಟೆನೋವು, ವಾಂತಿ, ಏದುಸಿರು, ಮೂತ್ರ ಕಡಿಮೆಯಾಗುವುದು, ಮಂಕು ಕವಿಯುವುದು ಇವುಗಳಲ್ಲಿ ಯಾವುದು ಕಂಡರೂ ನೋವಿನ ಮಾತ್ರೆ ಕೊಟ್ಟು ಬೆಳಗಾಗಲೆಂದು ಕಾಯಬೇಡಿರಿ. ಹತ್ತಿರದ ಆಸ್ಪತ್ರೆಗೆ ಕೂಡಲೇ ಹೋಗಿ, ಅಲ್ಲಿಂದಲೇ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಗೆ ಕರೆ ಮಾಡಿಸಿರಿ. ಸಕಾಲದಲ್ಲಿ ತಿಳಿದ ಸೋರಿಕೆಗೆ ಚಿಕಿತ್ಸೆಯುಂಟು. ತಡಮಾಡಿದಷ್ಟೂ ಆ ಅವಕಾಶ ಕಿರಿದಾಗುತ್ತ ಹೋಗುತ್ತದೆ.